ಲಿನಕ್ಸ್ ವಿತರಣೆಗಳಲ್ಲಿ ಬ್ಲಾಸ್-ಲಾಪ್ಯಾಕುಗಳ ಪಾಠಪರಂಪರೆ

ಒಂದು ಷಟ್ಪದೀಕಾವ್ಯದ ಹನ್ನೊಂದು ಓಲೆಪ್ರತಿಗಳನ್ನು ಪರಸ್ಪರ ಹೋಲಿಸುವ ಕಾರ್ಯದಲ್ಲಿ ನಾವು ಕೆಲವು ಕಾಲದಿಂದ ತೊಡಗಿರುವೆವು. ಯಾವ ಎರಡು ಪ್ರತಿಗಳಿಗೆ ಎಷ್ಟು ಪದ್ಯಗಳಲ್ಲಿ ಪಾಠಭೇದವುಂಟೆಂಬುದನ್ನು ಎಣಿಸಿ, ಆ ಸಂಖ್ಯೆಗಳನ್ನು ಹನ್ನೊಂದು ಅಡ್ಡಸಾಲು ಹನ್ನೊಂದು ಕಂಬಸಾಲುಗಳ ಕೋಷ್ಟಕವಾಗಿ ಬರೆದು, ಪ್ರತಿಗಳ ಬಾಂಧವ್ಯವನ್ನು ತೋರಿಸುವ ಒಂದು ಚಿತ್ರವನ್ನು ಅದರಿಂದ ಗಣಕಯಂತ್ರದ ಮೂಲಕ ಬರೆಯಿಸಿದೆವು. ಮನೆಯ ಯಂತ್ರದಲ್ಲಿ ಬಂದ ಚಿತ್ರದಲ್ಲಿ ಕರಾವಳಿಯ ಪ್ರತಿಗಳು ಎಡಕ್ಕೂ ಬಯಲುಸೀಮೆಯವು ಬಲಕ್ಕೂ ನಿಂತವು. ಅದೇ ಸಂಖ್ಯೆಗಳನ್ನೂ ಅದೇ ಪ್ರೋಗ್ರಾಮನ್ನೂ ಒಂದಕ್ಷರವನ್ನೂ ತಿದ್ದದೆ ಬೇರೊಂದು ಯಂತ್ರಕ್ಕೆ ಒಯ್ದು ನಡೆಸಿದಾಗ ಕರಾವಳಿಯವು ಬಲಕ್ಕೂ ಬಯಲುಸೀಮೆಯವು ಎಡಕ್ಕೂ ಬಂದವು. ಸಂಖ್ಯೆಗಳನ್ನು ಪರೀಕ್ಷಿಸಲಾಗಿ, ದಶಾಂಶದ ಕೊನೆಯ ಕೆಲವು ಸ್ಥಾನಗಳಲ್ಲಿಯೂ ವ್ಯತ್ಯಾಸ ಕಂಡಿತು. ನಮ್ಮಿಂದಲೇ ಲೇಖಕಪ್ರಮಾದವಾಗಿರಬಹುದೆಂದು ಎರಡು ದಿನ ಕೋಷ್ಟಕವನ್ನು ಮತ್ತೆ ಮತ್ತೆ ತಾಳೆನೋಡಿದೆವು. ಪ್ರಮಾದವೇನೂ ಸಿಕ್ಕಲಿಲ್ಲ. ಈ ವಿದ್ಯೆಯಲ್ಲಿ ಪರಿಶ್ರಮವಿರುವ ನಮ್ಮ ಸೋದರಳಿಯನು ಎರಡು ಯಂತ್ರಗಳನ್ನೂ ನೋಡಿ, "ಮಾವ, ಪ್ರೋಗ್ರಾಮು ಒಂದೇ, ಅದರ ಕೆಳಗೆ ಕುಳಿತಿರುವ ಲೈಬ್ರರಿ ಬೇರೆ ಬೇರೆ" ಎಂದನು.

ಈ ಒಂದು ಮಾತಿನ ಬೆನ್ನು ಹಿಡಿದು ಹೋದಾಗ ನಮಗೆ ಗೋಚರಿಸಿದ್ದು ಒಂದು ಗ್ರಂಥಪರಂಪರೆಯೇ ಆಗಿತ್ತು. ಅದಕ್ಕೆ ಮೂಲವುಂಟು, ಭಾಷಾಂತರವುಂಟು, ಶಾಖೆಗಳುಂಟು, ಪಾಠಭೇದಗಳುಂಟು. ಹೆಸರಿಲ್ಲದೆ ದುಡಿಯುವ ಸಂಪಾದಕರೂ ಉಂಟು. ಗ್ರಂಥಸಂಪಾದನೆಯಲ್ಲಿ ಆಸಕ್ತರಾದ ವಾಚಕರಿಗೆ ಇದು ಹೊರಗಿನ ವಿಷಯವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಸಂಖ್ಯೆಗಳ ಸಹಾಯದಿಂದ ಕೃತಿಗಳ ಕಾಲಕರ್ತೃನಿರ್ಣಯಕ್ಕೆ ಕೈಹಾಕುವವರು ನಮ್ಮಲ್ಲಿಯೂ ಹೆಚ್ಚುತ್ತಿರುವುದರಿಂದ, ಆ ಸಂಖ್ಯೆಗಳನ್ನು ಹೇಳುವವನು ಯಾರೆಂಬುದನ್ನು ವಿಚಾರಿಸುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆದಿರುವೆವು.

ಮೊದಲು ಪರಿಭಾಷೆ. ಸಂಖ್ಯೆಗಳ ಆಯತಾಕಾರದ ಕೋಷ್ಟಕಕ್ಕೆ ನಮ್ಮ ಗಣಿತದ ಪಠ್ಯಗಳಲ್ಲಿ ಮಾತೃಕೆಯೆಂದು ಹೆಸರು. (ಹಸ್ತಪ್ರತಿಯ ಮೂಲಕ್ಕೂ ನಾವು ಮಾತೃಕೆಯೆಂದೇ ಹೇಳುವೆವು, ಹನ್ನೊಂದು ಮಾತೃಕೆಗಳಿಂದ ಒಂದು ಮಾತೃಕೆಯನ್ನು ಮಾಡಿದೆವೆಂದರೆ ಕೇಳುವವರು ನಗುವರು.) ಇಂತಹ ಕೋಷ್ಟಕಗಳನ್ನು ಗುಣಿಸುವುದು, ಅವುಗಳಿಂದ ಸಮೀಕರಣಗಳನ್ನು ಬಿಡಿಸುವುದು, ಐಗನ್ ಮೌಲ್ಯಗಳೆಂಬ ವಿಶಿಷ್ಟ ಸಂಖ್ಯೆಗಳನ್ನೂ ಅವಕ್ಕೆ ಸಂಬಂಧಿಸಿದ ಸದಿಶಗಳನ್ನೂ ಕಂಡುಹಿಡಿಯುವುದು, ಇವೆಲ್ಲ ರೇಖೀಯ ಬೀಜಗಣಿತದ ವ್ಯಾಪಾರ. ಸೇತುವೆಯ ಭಾರ, ಹವಾಮಾನ, ಭಾಷಾಂತರಯಂತ್ರ, ಎಲ್ಲದರ ತಳದಲ್ಲಿಯೂ ಈ ವ್ಯಾಪಾರವೇ ನಡೆಯುತ್ತಿರುವುದು. ಪ್ರತಿಯೊಬ್ಬನೂ ಇದನ್ನು ಹೊಸದಾಗಿ ಬರೆಯದೆ, ಬಲ್ಲವರು ಒಮ್ಮೆ ಬರೆದಿಟ್ಟುದನ್ನು ಹೆಸರು ಹಿಡಿದು ಕರೆದು ಕೆಲಸ ಮಾಡಿಸಿಕೊಳ್ಳುವರು. ಹಾಗೆ ಬರೆದಿಟ್ಟ ವಿಧಿಗಳ ಸಂಗ್ರಹವೇ ಲೈಬ್ರರಿ. ಮನುಷ್ಯರು ಓದತಕ್ಕ ಭಾಷೆಯಲ್ಲಿರುವ ವಿಧಿಯನ್ನು ಯಂತ್ರದ ಸಂಕೇತಕ್ಕೆ ಇಳಿಸುವುದು ಕಂಪೈಲರಿನ ಕೆಲಸ. ಇಳಿದ ತುಂಡುಗಳನ್ನು ಒಂದರೊಡನೊಂದು ಅನ್ವಯಿಸುವುದು ಲಿಂಕರಿನ ಕೆಲಸ. ಸಿದ್ಧವಾದುದನ್ನು ಹೆಸರು, ಆವೃತ್ತಿ, ಅವಲಂಬನೆಗಳ ವಿವರ ಸಹಿತವಾಗಿ ಕಟ್ಟಿ ಜನರಿಗೆ ತಲಪಿಸುವುದು ಪ್ಯಾಕೇಜು ಕಟ್ಟುವವರ ಕೆಲಸ. ಲಿನಕ್ಸ್ ಎಂಬ ಮುಕ್ತವ್ಯವಸ್ಥೆಯು 1991ರಲ್ಲಿ ಲಿನಸ್ ತೋರ್ವಾಲ್ಡ್ಸ್ ಎಂಬುವರಿಂದ ಆರಂಭವಾಯಿತು. ಅದನ್ನು ಇಂತಹ ಸಾವಿರಾರು ಪ್ಯಾಕೇಜುಗಳೊಡನೆ ಸೇರಿಸಿ ಕೊಡುವ ವಿತರಣೆಗಳಲ್ಲಿ ಡೆಬಿಯನ್ ಪ್ರಾಚೀನವಾದವುಗಳಲ್ಲೊಂದು, 1993ರಲ್ಲಿ ಇಯಾನ್ ಮರ್ಡಾಕ್ ಅವರಿಂದ ಹುಟ್ಟಿದ್ದು.

ಆದರೆ ನಮ್ಮ ಗ್ರಂಥದ ಮೂಲವು ಲಿನಕ್ಸಿಗಿಂತ ಹಳೆಯದು. 1971ರಲ್ಲಿ ವಿಲ್ಕಿನ್ಸನ್ ಮತ್ತು ರೈನ್ಷ್ ಎಂಬ ವಿದ್ವಾಂಸರು ಸ್ವಯಂಚಾಲಿತ ಗಣನೆಯ ಕೈಪಿಡಿಯೊಂದರ ಎರಡನೆಯ ಸಂಪುಟವಾಗಿ ರೇಖೀಯ ಬೀಜಗಣಿತದ ವಿಧಿಗಳನ್ನು ಆಲ್ಗಾಲ್ ಎಂಬ ಭಾಷೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಐಗನ್ ಮೌಲ್ಯಗಳ ಭಾಗವನ್ನು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಆಶ್ರಯದಲ್ಲಿ ಫೋರ್ಟ್ರಾನ್ ಭಾಷೆಗೆ ತಿರುಗಿಸಿ ಹಲವು ಯಂತ್ರಗಳಲ್ಲಿ ಪರೀಕ್ಷಿಸಿ ಹಂಚಿದರು, ಅದು ಐಸ್‌ಪ್ಯಾಕ್. ಸಮೀಕರಣಗಳನ್ನು ಬಿಡಿಸುವ ವಿಧಿಗಳ ಸಂಗ್ರಹವಾದ ಲಿನ್‌ಪ್ಯಾಕಿನ ಕೈಪಿಡಿಯು ಡೊಂಗಾರ, ಬಂಚ್, ಮೋಲರ್, ಸ್ಟೂವರ್ಟ್ ಎಂಬ ನಾಲ್ವರ ಹೆಸರಿನಲ್ಲಿ 1979ರಲ್ಲಿ ಬಂದಿತು. ಇಂದು ಜಗತ್ತಿನ ಮಹಾಗಣಕಗಳ ತಾರತಮ್ಯವನ್ನು ಹೇಳುವ ಲಿನ್‌ಪ್ಯಾಕ್ ಅಳತೆಯು ಈ ಕೈಪಿಡಿಯ ಒಂದು ಅನುಬಂಧದಿಂದ ಬೆಳೆದುದು. ಮೂಲಗ್ರಂಥವನ್ನು ಯಾರೂ ಬಳಸದಿದ್ದರೂ ಅನುಬಂಧ ಮಾತ್ರ ಪ್ರಸಿದ್ಧವಾಯಿತು.

ಅದೇ 1979ರಲ್ಲಿ ಲಾಸನ್, ಹ್ಯಾನ್ಸನ್, ಕಿಂಕೇಡ್, ಕ್ರೋ ಎಂಬ ನಾಲ್ವರು ಬ್ಲಾಸ್ ಎಂಬುದನ್ನು ಪ್ರಕಟಿಸಿದರು. ನಮ್ಮ ದೃಷ್ಟಿಯಲ್ಲಿ ಈ ಪರಂಪರೆಯ ನಿಜವಾದ ಸೂತ್ರಪಾಠವಿದು. ಎರಡು ಸದಿಶಗಳನ್ನು ಗುಣಿಸಿ ಕೂಡುವುದು, ಒಂದನ್ನು ಇನ್ನೊಂದಕ್ಕೆ ಸೇರಿಸುವುದು ಮೊದಲಾದ ಅತ್ಯಲ್ಪ ಕ್ರಿಯೆಗಳಿಗೆ ಅವರು ಹೆಸರನ್ನೂ ಉಪಾದಾನಗಳ ಕ್ರಮವನ್ನೂ ನಿಯಮಿಸಿದರು. ಕ್ರಿಯೆಯನ್ನು ಹೇಗೆ ಮಾಡತಕ್ಕದ್ದೆಂದು ಒಂದು ಮಾದರಿಯನ್ನು ಕೊಟ್ಟರೇ ಹೊರತು ಅದೇ ಮಾಡತಕ್ಕದ್ದೆಂದು ವಿಧಿಸಲಿಲ್ಲ. ಪ್ರತಿ ಯಂತ್ರದವನೂ ತನ್ನ ಯಂತ್ರಕ್ಕೆ ತಕ್ಕಂತೆ ಒಳಭಾಗವನ್ನು ಬರೆದುಕೊಳ್ಳಲಿ, ಹೊರಗಿನ ಹೆಸರು ಮಾತ್ರ ಕೆಡದಿರಲಿ ಎಂಬುದೇ ಸಂಕಲ್ಪ.

ಆ ಹೆಸರುಗಳ ರಚನೆಯನ್ನು ನೋಡಿ ವ್ಯಾಕರಣದ ವಿದ್ಯಾರ್ಥಿಗೆ ಪ್ರತ್ಯಾಹಾರಗಳ ನೆನಪಾಗದೆ ಇರದು. ಅಂದಿನ ಫೋರ್ಟ್ರಾನಿನಲ್ಲಿ ಹೆಸರಿಗೆ ಆರೇ ಅಕ್ಷರಗಳ ಮಿತಿ. ಆದಕಾರಣ ಮೊದಲ ಅಕ್ಷರವು ಸಂಖ್ಯೆಯ ಜಾತಿಯನ್ನು ಹೇಳುವುದು: 'ಎಸ್' ಎಂದರೆ ಸಾಮಾನ್ಯ ನಿಖರತೆ, 'ಡಿ' ಎಂದರೆ ಇಮ್ಮಡಿ ನಿಖರತೆ, 'ಸಿ' ಮತ್ತು 'ಜಡ್' ಎಂದರೆ ಅವೇ ಎರಡರ ಮಿಶ್ರಸಂಖ್ಯೆಗಳು. ಮುಂದಿನ ಎರಡಕ್ಷರಗಳು ಮಾತೃಕೆಯ ಸ್ವರೂಪವನ್ನು ಹೇಳುವುವು: 'ಜಿಇ' ಸಾಮಾನ್ಯ, 'ಎಸ್‌ವೈ' ಸಮ್ಮಿತ. ಉಳಿದವು ಕ್ರಿಯೆಯನ್ನು. ಹೀಗೆ 'ಡಿಜೆಮ್' ಎಂದರೆ ಇಮ್ಮಡಿ ನಿಖರತೆಯ ಸಾಮಾನ್ಯ ಮಾತೃಕೆಗಳ ಪರಸ್ಪರ ಗುಣಾಕಾರ. ಅರ್ಧಮಾತ್ರಾಲಾಘವಕ್ಕೆ ಸಂತೋಷಪಡುವ ವೈಯಾಕರಣನು ಇದನ್ನು ಮೆಚ್ಚುವನು. ಆದರೆ ಹೆಸರು ಎಷ್ಟೇ ಬಿಗಿಯಾಗಿದ್ದರೂ ಅದರಲ್ಲಿ ಹೇಳದೆ ಉಳಿದುದು ಬಹಳವುಂಟು. ಮುಂದಿನ ಇತಿಹಾಸದ ಕಷ್ಟಗಳೆಲ್ಲ ಆ ಅನುಕ್ತಭಾಗದಿಂದಲೇ ಬಂದವು.

ಸದಿಶಗಳ ಕ್ರಿಯೆ ಮಾತ್ರ ಸಾಲದೆ 1988ರಲ್ಲಿ ಮಾತೃಕೆ-ಸದಿಶಗಳ ಎರಡನೆಯ ಶ್ರೇಣಿಯೂ 1990ರಲ್ಲಿ ಮಾತೃಕೆ-ಮಾತೃಕೆಗಳ ಮೂರನೆಯ ಶ್ರೇಣಿಯೂ ಪ್ರಕಟವಾದವು. ಇದರ ಕಾರಣವನ್ನು ಸ್ವಲ್ಪ ವಿವರಿಸತಕ್ಕದ್ದು. ಗಣಕದ ಲೆಕ್ಕಮಾಡುವ ಅಂಗವು ಅತಿವೇಗಿ. ಸಂಖ್ಯೆಗಳನ್ನು ಇಟ್ಟಿರುವ ಸ್ಮೃತಿಭಂಡಾರವು ನಿಧಾನಿ. ಸಾವಿರ ಸಂಖ್ಯೆಗಳ ಎರಡು ಸದಿಶಗಳನ್ನು ಗುಣಿಸಿ ಕೂಡಬೇಕಾದರೆ ಎರಡು ಸಾವಿರ ಸಂಖ್ಯೆಗಳನ್ನು ತಂದು ಸುಮಾರು ಎರಡು ಸಾವಿರ ಕ್ರಿಯೆಗಳನ್ನು ಮಾಡಿದಂತಾಯಿತು. ತಂದ ಸಂಖ್ಯೆಯೊಂದಕ್ಕೆ ಒಂದೇ ಕ್ರಿಯೆ. ಸಾವಿರ ಸಾಲು ಸಾವಿರ ಕಂಬಗಳ ಎರಡು ಮಾತೃಕೆಗಳನ್ನು ಗುಣಿಸಿದರೆ, ಫಲವೂ ಸೇರಿ 30 ಲಕ್ಷ ಸಂಖ್ಯೆಗಳು, ಕ್ರಿಯೆಗಳಾದರೋ 200 ಕೋಟಿ. ಜಾಣತನದಿಂದ ತುಂಡು ತುಂಡಾಗಿ ಮಾಡಿದರೆ ಒಮ್ಮೆ ತಂದ ಸಂಖ್ಯೆಯನ್ನು ಹತ್ತಿರದ ಚಿಕ್ಕ ಸ್ಮೃತಿಯಲ್ಲಿಟ್ಟುಕೊಂಡು ನೂರಾರು ಸಲ ಬಳಸಬಹುದು. ಸರಸ್ವತೀಭಂಡಾರದಿಂದ ಒಂದೊಂದು ಗರಿಗಾಗಿ ಓಡಾಡದೆ ಕಟ್ಟನ್ನೇ ತಂದು ವ್ಯಾಸಪೀಠದ ಪಕ್ಕದಲ್ಲಿಟ್ಟುಕೊಂಡ ಹಾಗೆ. ಈ ಮೂರನೆಯ ಶ್ರೇಣಿಯ ಮೇಲೆ ಐಸ್‌ಪ್ಯಾಕ್ ಲಿನ್‌ಪ್ಯಾಕುಗಳೆರಡನ್ನೂ ಹೊಸದಾಗಿ ಕಟ್ಟಿದುದೇ 1992ರಲ್ಲಿ ಹೊರಬಂದ ಲಾಪ್ಯಾಕ್. ನೆಟ್‌ಲಿಬ್ ಎಂಬ ವಿತರಣಾಕೇಂದ್ರದಿಂದ, 1980ರ ದಶಕದಲ್ಲಿ ವಿದ್ಯುನ್ಮಾನ ಅಂಚೆಯ ಮೂಲಕ ಬೇಡಿದವರಿಗೆ ಬೇಡಿದ ವಿಧಿಯನ್ನು ಕಳುಹಿಸಿಕೊಡುವ ಪದ್ಧತಿಯಿಂದ ಮೊದಲ್ಗೊಂಡು, ಇವೆಲ್ಲವೂ ಉಚಿತವಾಗಿಯೇ ಹಬ್ಬಿದವು.

ಇನ್ನು ಶಾಖೆಗಳು. ನೆಟ್‌ಲಿಬ್ಬಿನ ಮಾದರಿಪಾಠವು ಶುದ್ಧವಾದುದು, ಆದರೆ ಮಂದಗತಿ. ಯಂತ್ರ ತಯಾರಿಸುವ ಕಂಪೆನಿಗಳು ತಮ್ಮ ತಮ್ಮ ಪಾಠಗಳನ್ನು ಬರೆದುಕೊಂಡರೂ ಅವು ಮುಕ್ತವಾಗಿರಲಿಲ್ಲ. ಟೆನ್ನೆಸೀ ವಿಶ್ವವಿದ್ಯಾಲಯದ ವೇಲಿ ಮತ್ತು ಡೊಂಗಾರ ಅವರು 1990ರ ದಶಕದ ಕೊನೆಯಲ್ಲಿ ಅಟ್ಲಾಸ್ ಎಂಬ ವಿಚಿತ್ರ ಗ್ರಂಥವನ್ನು ತಂದರು. ಅದು ತನ್ನನ್ನು ತಾನೇ ಬರೆದುಕೊಳ್ಳುವುದು: ಯಾವ ಯಂತ್ರದಲ್ಲಿ ಕಂಪೈಲ್ ಮಾಡುವರೋ ಅದೇ ಯಂತ್ರದಲ್ಲಿ ಒಂದೇ ವಿಧಿಯ ಅನೇಕ ರೂಪಗಳನ್ನು ಹುಟ್ಟಿಸಿ, ಪ್ರತಿಯೊಂದನ್ನೂ ಓಡಿಸಿ, ಕಾಲವನ್ನಳೆದು, ಶೀಘ್ರತಮವಾದುದನ್ನು ಆರಿಸಿಕೊಳ್ಳುವುದು. ಇದಕ್ಕೆ ಗಂಟೆಗಟ್ಟಲೆ ಹಿಡಿಯುವುದು. ಯಂತ್ರವು ವಿದ್ಯುತ್ತಿನ ಮಿತವ್ಯಯಕ್ಕಾಗಿ ನಡುವೆ ತನ್ನ ವೇಗವನ್ನು ತಗ್ಗಿಸುವಂತಿದ್ದರೆ, ಅಳತೆ ನಂಬತಕ್ಕದ್ದಲ್ಲವೆಂದು ಅಟ್ಲಾಸ್ ಆರಂಭದಲ್ಲಿಯೇ ತಕರಾರು ಮಾಡಿ ನಿಲ್ಲುವುದು. ಪ್ಯಾಕೇಜು ಕಟ್ಟುವವರಿಗೆ ಇದೊಂದು ಧರ್ಮಸಂಕಟವಾಯಿತು. ಅವರ ಪ್ರತಿಜ್ಞೆಯೇ ಒಮ್ಮೆ ಕಂಪೈಲ್ ಮಾಡಿದುದನ್ನು ಎಲ್ಲರಿಗೂ ಹಂಚುವುದು. ಅಟ್ಲಾಸಿನ ಪ್ರತಿಜ್ಞೆಯಾದರೋ ಪ್ರತಿ ಯಂತ್ರದಲ್ಲಿಯೂ ಬೇರೆಯಾಗಿ ಕಂಪೈಲ್ ಮಾಡುವುದು. ಒಬ್ಬರ ಅಂಗಕ್ಕೆ ಅಳೆದು ಹೊಲಿದ ಅಂಗಿಯನ್ನು ಊರಿಗೆಲ್ಲ ತೊಡಿಸಿದಂತಾಗುವುದು. ಡೆಬಿಯನ್ನಿನವರು ಎಲ್ಲ ಯಂತ್ರಗಳಿಗೂ ಹೊಂದತಕ್ಕ ಒಂದು ಸಾಧಾರಣ ಪಾಠವನ್ನು ಹಂಚಿ, ಪೂರ್ಣವೇಗ ಬೇಕಾದವರು ಸ್ವಂತ ಯಂತ್ರದಲ್ಲಿ ಪ್ಯಾಕೇಜನ್ನು ಪುನಃ ಕಟ್ಟಿಕೊಳ್ಳಬೇಕೆಂದು ಜೊತೆಯ ಟಿಪ್ಪಣಿಯಲ್ಲಿ ವಿಧಾನವನ್ನು ಬರೆದಿಟ್ಟರು. ಟಿಪ್ಪಣಿಯನ್ನು ಓದಿದವರು ಎಷ್ಟು ಮಂದಿಯೆಂಬುದನ್ನು ವಾಚಕರೇ ಊಹಿಸಬಹುದು.

ಇದಕ್ಕೆ ವಿರುದ್ಧವಾದ ಮಾರ್ಗ ಕಜುಶಿಗೆ ಗೋತೋ ಅವರದು. ಜಪಾನಿನ ಪೇಟೆಂಟ್ ಕಚೇರಿಯಲ್ಲಿ ಉದ್ಯೋಗದಲ್ಲಿದ್ದ ಈ ಮಹಾಶಯರು ಬಳಿಕ ಅಮೆರಿಕದ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು ಸೇರಿ, ಪ್ರೊಸೆಸರುಗಳ ಅಂತರಂಗವನ್ನು ಅಭ್ಯಸಿಸಿ, ಯಂತ್ರದ ನೇರ ಭಾಷೆಯಲ್ಲಿ ಕೈಯಿಂದಲೇ ವಿಧಿಗಳನ್ನು ಬರೆದರು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಅಟ್ಲಾಸನ್ನು ಆ ಕೈಬರಹವು ಹಿಂದೆಹಾಕಿತು. ಅದರ ತತ್ತ್ವವನ್ನು ಗೋತೋ ಮತ್ತು ವಾನ್ ಡೆ ಗೈನ್ ಅವರು 2008ರ ಪ್ರಬಂಧದಲ್ಲಿ ವಿವರಿಸಿರುವರು. ಆದರೆ ಗೋತೋಬ್ಲಾಸಿನ ಮೊದಲ ಆವೃತ್ತಿಗಳು ವಿದ್ಯಾಸಂಸ್ಥೆಗಳ ಉಪಯೋಗಕ್ಕೆ ಮಾತ್ರ ಅನುಮತಿಯುಳ್ಳವಾಗಿದ್ದುದರಿಂದ ಮುಕ್ತವಿತರಣೆಗಳಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಎರಡನೆಯ ಗೋತೋಬ್ಲಾಸಿನ ಕೊನೆಯ ಆವೃತ್ತಿ ಮಾತ್ರ ಮುಕ್ತಾನುಮತಿಯಿಂದ ಹೊರಬಂದಿತು, ಬಳಿಕ ಕೆಲಸ ನಿಂತಿತು. ನಿಂತಲ್ಲಿಂದ ಅದನ್ನು ಎತ್ತಿಕೊಂಡವರು ಚೀನದ ವಿಜ್ಞಾನ ಅಕಾಡೆಮಿಯ ತಂತ್ರಾಂಶ ಸಂಸ್ಥೆಯಲ್ಲಿದ್ದ ಝಾಂಗ್ ಶಿಯಾನ್ಯಿ ಮತ್ತು ಸಂಗಡಿಗರು. 2011ರಿಂದ ಅದು ಓಪನ್‌ಬ್ಲಾಸ್ ಎಂದು ಪ್ರಸಿದ್ಧವಾಯಿತು. ಚೀನದ್ದೇ ಆದ ಲೂಂಗ್‌ಸನ್ ಪ್ರೊಸೆಸರಿಗೆ ಹೊಂದಿಸುವುದು ಅವರ ಆರಂಭದ ಕೆಲಸಗಳಲ್ಲೊಂದು. ಪ್ಯಾಕೇಜು ಕಟ್ಟುವವರ ಧರ್ಮಸಂಕಟಕ್ಕೂ ಇಲ್ಲಿ ಪರಿಹಾರ ದೊರಕಿತು: ಅನೇಕ ಪ್ರೊಸೆಸರುಗಳ ವಿಧಿಗಳನ್ನು ಒಂದೇ ಕಟ್ಟಿನಲ್ಲಿ ಸೇರಿಸಿ, ನಡೆಯುವ ಕಾಲದಲ್ಲಿ ಯಂತ್ರವನ್ನು ನೋಡಿ ತಕ್ಕುದನ್ನು ಆರಿಸುವಂತೆ ಕಂಪೈಲ್ ಮಾಡಲು ಓಪನ್‌ಬ್ಲಾಸಿನಲ್ಲಿ ಅವಕಾಶವುಂಟು. ಕಟ್ಟು ದಪ್ಪವಾಯಿತು, ಆದರೆ ಒಂದೇ ಕಟ್ಟು ಸಾಕಾಯಿತು.

ಹೀಗೆ ಒಂದೇ ಹೆಸರಿನ ವಿಧಿಗೆ ಮೂರು ನಾಲ್ಕು ಪಾಠಗಳು ಒಂದೇ ವಿತರಣೆಯಲ್ಲಿ ಸೇರಿದ ಮೇಲೆ, ಯಾವ ಪಾಠವನ್ನು ಯಾರು ಓದತಕ್ಕದ್ದು? ಡೆಬಿಯನ್ನಿನವರು ಇದಕ್ಕೆ ವಿಕಲ್ಪಪದ್ಧತಿಯನ್ನು ಕಲ್ಪಿಸಿದರು. ಬ್ಲಾಸಿನ ಮೂರನೆಯ ಆವೃತ್ತಿಯೆಂಬ ಒಂದೇ ಕಡತದ ಹೆಸರನ್ನು ಎಲ್ಲ ಪ್ರೋಗ್ರಾಮುಗಳೂ ಕೇಳುವುವು. ಆ ಹೆಸರು ಒಂದು ಕೊಂಡಿ ಮಾತ್ರ. ಅದು ಮಾದರಿಪಾಠಕ್ಕೆ ಹೋಗುವುದೋ ಅಟ್ಲಾಸಿಗೋ ಓಪನ್‌ಬ್ಲಾಸಿಗೋ ಎಂಬುದನ್ನು ಯಂತ್ರದ ಯಜಮಾನನು ನಿಶ್ಚಯಿಸಬಹುದು; ಅವನು ಸುಮ್ಮನಿದ್ದರೆ ಪ್ರತಿಷ್ಠಾಪಿತವಾದವುಗಳಲ್ಲಿ ಪ್ರಾಶಸ್ತ್ಯಸಂಖ್ಯೆ ಹೆಚ್ಚಾಗಿರುವುದೇ ಆಗುವುದು. ಮಾದರಿಪಾಠಕ್ಕೆ ಕನಿಷ್ಠ ಪ್ರಾಶಸ್ತ್ಯ. ನಮ್ಮ ಮನೆಯ ಯಂತ್ರದಲ್ಲಿ ಬೇರೆ ಯಾವುದೂ ಇರಲಿಲ್ಲವಾದ್ದರಿಂದ ಕೊಂಡಿಯು ಮಾದರಿಪಾಠಕ್ಕೆ ಹೋಗಿದ್ದಿತು. ಇನ್ನೊಂದು ಯಂತ್ರದಲ್ಲಿ ಓಪನ್‌ಬ್ಲಾಸಿಗೆ. ಇದು ತಿಳಿಯುವುದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ಆದರೆ ಕೇಳಬೇಕೆಂಬುದೇ ನಮಗೆ ತಿಳಿದಿರಲಿಲ್ಲ.

ಇಲ್ಲಿ ಲಿಂಕರಿನ ಸ್ವಭಾವವನ್ನು ನಮ್ಮ ಶಾಸ್ತ್ರದ ಮಾತಿನಲ್ಲಿಯೇ ಹೇಳುವುದು ಸುಲಭ. ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂದು ತರ್ಕವನ್ನೋದಿದವರೆಲ್ಲರೂ ಬಲ್ಲರು. 'ತಾ' ಎಂದೊಡನೆ 'ಏನನ್ನು' ಎಂಬ ನಿರೀಕ್ಷೆ ಹುಟ್ಟುವುದೇ ಆಕಾಂಕ್ಷೆ. ಲಾಪ್ಯಾಕಿನ ವಿಧಿಯು 'ಡಿಜೆಮ್' ಎಂದು ಕರೆದಾಗ ಲಿಂಕರಿಗೆ ಹುಟ್ಟುವುದೂ ಇದೇ. ಅದು ತೀರದೆ ಉಳಿದರೆ, ಇಂತಹ ಹೆಸರಿಗೆ ಅರ್ಥ ದೊರಕಲಿಲ್ಲವೆಂದು ಗೊಣಗಿ ನಿಲ್ಲುವುದು. ಸನ್ನಿಧಿಯ ಸ್ಥಾನದಲ್ಲಿ ಕ್ರಮವುಂಟು: ಒಳಗೇ ಸೇರಿಸಿಕೊಳ್ಳುವ ಹಳೆಯ ಪದ್ಧತಿಯಲ್ಲಿ ಲಿಂಕರು ಲೈಬ್ರರಿಗಳನ್ನು ಎಡದಿಂದ ಬಲಕ್ಕೆ ಒಮ್ಮೆ ಮಾತ್ರ ಓದುವುದು, ಆ ಕ್ಷಣದಲ್ಲಿ ಬಾಕಿಯಿರುವ ಆಕಾಂಕ್ಷೆಗಳಿಗೆ ಮಾತ್ರ ಉತ್ತರ ಹುಡುಕುವುದು. ಆದ್ದರಿಂದ ಲಾಪ್ಯಾಕನ್ನು ಮೊದಲು ಬರೆದು ಬ್ಲಾಸನ್ನು ಅನಂತರ ಬರೆಯಬೇಕು. ತಿರುಗಿಸಿ ಬರೆದು ಇಡೀ ದಿನ ಕಳೆದ ಹುಡುಗರು ಬಹಳ. ಮೂರನೆಯದಾದ ಯೋಗ್ಯತೆಯನ್ನು ಮಾತ್ರ ಈ ಲಿಂಕರು ಕೇಳುವುದೇ ಇಲ್ಲ. 'ಬೆಂಕಿಯಿಂದ ತೋಯಿಸುತ್ತಾನೆ' ಎಂಬ ವಾಕ್ಯವನ್ನು ನೈಯಾಯಿಕನು ಒಪ್ಪನು, ಲಿಂಕರು ಒಪ್ಪುವುದು. ಹೆಸರು ಹೊಂದಿದರೆ ಸಾಕು. ಆ ಹೆಸರಿನವನು ಉಪಾದಾನಗಳನ್ನು ಯಾವ ರೀತಿಯಲ್ಲಿ ಸ್ವೀಕರಿಸುವನು, ಫಲವನ್ನು ಎಲ್ಲಿ ಇಡುವನು ಎಂಬುದು ಅದಕ್ಕೆ ಬೇಕಿಲ್ಲ. ಈ ಲೈಬ್ರರಿಗಳು ಇಷ್ಟು ವರ್ಷ ಬಾಳಿದುದಕ್ಕೆ ಹೆಸರುಗಳ ಸ್ಥೈರ್ಯವೇ ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಅದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ಹೆಸರು ಸ್ಥಿರವಾಗಿದ್ದಾಗಲೂ ಅದರ ಹಿಂದಿನ ಯೋಗ್ಯತೆ ಪದೇ ಪದೇ ಪಲ್ಲಟವಾಯಿತು. ಹಾಗಾದಾಗಲೆಲ್ಲ ಅದನ್ನು ಕಂಡುಹಿಡಿದು ಕಾಪಾಡಿದ ಶ್ರಮದಲ್ಲಿ ದೊಡ್ಡ ಪಾಲು ಪ್ಯಾಕೇಜು ಕಟ್ಟುವವರದು. ಮೂರು ನಿದರ್ಶನಗಳನ್ನು ಕೊಡುವೆವು.

ಗ್ನೂ ಕಂಪೈಲರುಗಳ ನಾಲ್ಕನೆಯ ಆವೃತ್ತಿಯು 2005ರಲ್ಲಿ ಬಂದಾಗ ಹಳೆಯ ಫೋರ್ಟ್ರಾನ್ ಕಂಪೈಲರು ಹೋಗಿ ಹೊಸದಾದ ಜಿಫೋರ್ಟ್ರಾನ್ ಬಂದಿತು. ಹಳೆಯದರಲ್ಲಿ, ಮಿಶ್ರಸಂಖ್ಯೆಯನ್ನು ಫಲವಾಗಿ ಕೊಡುವ ವಿಧಿಯನ್ನು ಕರೆಯುವವನು ಫಲವನ್ನಿಡತಕ್ಕ ಸ್ಥಳದ ವಿಳಾಸವನ್ನು ಮೊದಲನೆಯ ಗುಪ್ತ ಉಪಾದಾನವಾಗಿ ಕೊಡಬೇಕಾಗಿದ್ದಿತು. ಹೊಸದರಲ್ಲಿ ಆ ಗುಪ್ತ ಉಪಾದಾನವಿಲ್ಲ, ಫಲವು ನೇರವಾಗಿ ಬರುವುದು. ಸಾಮಾನ್ಯ ನಿಖರತೆಯ ಫಲವನ್ನು ಹಳೆಯದು ಇಮ್ಮಡಿ ನಿಖರತೆಯ ವೇಷದಲ್ಲಿ ಕೊಡುತ್ತಿದ್ದಿತು. ಹೊಸದು ಹಾಗೆ ಮಾಡದು. ಹಳೆಯ ರೀತಿಯಲ್ಲಿ ಕರೆಯುವ ಪ್ರೋಗ್ರಾಮಿಗೆ ಹೊಸ ರೀತಿಯ ಲೈಬ್ರರಿ ಗಂಟುಬಿದ್ದರೆ ಉಪಾದಾನಗಳೆಲ್ಲ ಒಂದೊಂದು ಮನೆ ಸರಿದು ನಿಲ್ಲುವುವು. ಪ್ರೋಗ್ರಾಮು ಕುಸಿಯುವುದು, ಇಲ್ಲವೆ ಅರ್ಥವಿಲ್ಲದ ಸಂಖ್ಯೆಯನ್ನು ಕೊಡುವುದು. ಇದರಲ್ಲಿ ವಂಚನೆಯೇನೆಂದರೆ, ಫಲವನ್ನು ಉಪಾದಾನದ ಮೂಲಕವೇ ಹಿಂದಿರುಗಿಸುವ ಬಹುಪಾಲು ವಿಧಿಗಳಿಗೆ ಏನೂ ಬಾಧೆಯಿಲ್ಲ. 'ಡಿಜೆಮ್' ಸರಿಯಾಗಿ ನಡೆಯುವುದು, ಮಿಶ್ರಸಂಖ್ಯೆಗಳ ಅಂತರ್ಗುಣನ ಮಾತ್ರ ಕೆಡುವುದು. ತೊಂಬತ್ತು ಪದ್ಯ ಶುದ್ಧವಾಗಿದ್ದು ಹತ್ತು ಅಪಪಾಠವಾದ ಪ್ರತಿಯೇ ಸಂಪಾದಕನಿಗೆ ಹೆಚ್ಚು ಅಪಾಯಕರವೆಂಬುದು ನಮಗೆ ಅನುಭವಸಿದ್ಧವಷ್ಟೆ. ಡೆಬಿಯನ್ನಿನವರು ಹೊಸ ಕಂಪೈಲರಿನಿಂದ ಕಟ್ಟಿದ ಪ್ಯಾಕೇಜುಗಳ ಹೆಸರಿನ ಕೊನೆಗೆ 'ಜಿಎಫ್' ಎಂಬ ಎರಡಕ್ಷರದ ಪ್ರತ್ಯಯವನ್ನು ಹಚ್ಚಿ, ಹಳೆಯವೂ ಹೊಸವೂ ಕಲೆಯದಂತೆ ಮಾಡಿದರು. ಯೋಗ್ಯತೆಯನ್ನು ಲಿಂಕರು ಕೇಳದಿದ್ದುದರಿಂದ ಅದನ್ನು ಪ್ಯಾಕೇಜಿನ ಹೆಸರಿನಲ್ಲಿಯೇ ಬರೆದರೆಂದು ತಿಳಿಯತಕ್ಕದ್ದು. ಹಳೆಯ ಪ್ಯಾಕೇಜುಗಳೆಲ್ಲ ಸಂದುಹೋದ ಮೇಲೆ ಆ ಪ್ರತ್ಯಯಕ್ಕೂ ಲೋಪವಾಯಿತು.

ಎರಡನೆಯದು ಇನ್ನೂ ಸೂಕ್ಷ್ಮ. ಲಾಪ್ಯಾಕಿನ ಅನೇಕ ವಿಧಿಗಳು 'ಮೇಲಿನ ತ್ರಿಕೋನವೋ ಕೆಳಗಿನದೋ' ಎಂಬಂತಹ ಪ್ರಶ್ನೆಗೆ ಒಂದಕ್ಷರದ ಉತ್ತರವನ್ನು ಉಪಾದಾನವಾಗಿ ಕೇಳುವುವು. ಫೋರ್ಟ್ರಾನ್ ಕಂಪೈಲರಿನ ಸಂಪ್ರದಾಯದಂತೆ, ಅಕ್ಷರಮಾಲೆಯನ್ನು ಕೊಟ್ಟಾಗ ಅದರ ಉದ್ದವನ್ನು ಎಲ್ಲ ಉಪಾದಾನಗಳ ಕೊನೆಯಲ್ಲಿ ಗುಪ್ತವಾಗಿ ಕೊಡಬೇಕು. ಸಿ ಭಾಷೆಯಿಂದ ಈ ವಿಧಿಗಳನ್ನು ಕರೆಯುವವರು, ಹೇಗೂ ಒಂದೇ ಅಕ್ಷರವಲ್ಲವೆ, ಉದ್ದವನ್ನು ಯಾರೂ ನೋಡುವುದಿಲ್ಲವಲ್ಲವೆ ಎಂದು ಅದನ್ನು ಬಿಟ್ಟುಬಿಟ್ಟರು. ಅಧ್ಯಾಹಾರ ಮಾಡಿಕೊಳ್ಳಲಿ ಎಂಬ ಭಾವ. ದಶಕಗಳ ಕಾಲ ಯಾವ ತೊಂದರೆಯೂ ಆಗಲಿಲ್ಲ. 2019ರಲ್ಲಿ, ಸಂಖ್ಯಾಶಾಸ್ತ್ರಜ್ಞರು ಬಳಸುವ ಆರ್ ಭಾಷೆಯಲ್ಲಿ ಅಕಾರಣವಾಗಿ ಕುಸಿತಗಳು ಕಂಡವು. ಪರಿಶೋಧಿಸಲಾಗಿ, ಹೊಸ ಜಿಫೋರ್ಟ್ರಾನ್ ಮಿತವ್ಯಯಕ್ಕಾಗಿ, ಒಂದು ವಿಧಿಯು ತನ್ನ ಕೊನೆಯ ಕೆಲಸವಾಗಿ ಇನ್ನೊಂದನ್ನು ಕರೆಯುವಾಗ ತನಗೆ ಬಂದ ಉಪಾದಾನಗಳ ಜಾಗವನ್ನೇ ಅದಕ್ಕೂ ಉಪಯೋಗಿಸುತ್ತಿದ್ದಿತು. ತನಗೆ ಉದ್ದವೂ ಬಂದಿರುವುದೆಂಬ ನಂಬಿಕೆಯಿಂದ ಆ ಜಾಗದಲ್ಲಿ ಒಂದು ಎಂಬ ಸಂಖ್ಯೆಯನ್ನು ಬರೆಯುವುದು. ಉದ್ದ ಬಂದೇ ಇಲ್ಲವಾದ್ದರಿಂದ ಆ ಜಾಗವು ಕರೆದವನ ಸ್ವಂತ ಆಸ್ತಿ, ಅದು ಕೆಡುವುದು. ತಪ್ಪು ಯಾರದು? ಶಾಸ್ತ್ರದ ಪ್ರಕಾರ ಉದ್ದವನ್ನು ಬಿಟ್ಟವರದೇ. ಆದರೆ ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂಬ ನ್ಯಾಯವನ್ನು ಇಲ್ಲಿಯೂ ಮನ್ನಿಸಬೇಕಾಯಿತು. ಕಂಪೈಲರಿನ ಪಾಲಕರು ಇಂತಹ ಕರೆಗಳಿಗಾಗಿ ಒಂದು ರಿಯಾಯಿತಿಯನ್ನು ಕಲ್ಪಿಸಿದರು. ಆರ್ ಭಾಷೆಯವರು ತಮ್ಮ ಕರೆಗಳಲ್ಲಿ ಉದ್ದವನ್ನು ಸೇರಿಸುತ್ತ ಬಂದರು. ಎರಡು ಪಕ್ಷಗಳೂ ಬಗ್ಗಿದವು. ನಮ್ಮ ಸಂಪಾದಕವರ್ಗದಲ್ಲಿ ಇಷ್ಟು ಸೌಜನ್ಯವನ್ನು ನಾವು ವಿರಳವಾಗಿ ಕಂಡಿರುವೆವು.

ಮೂರನೆಯದು ಪೂರ್ಣಾಂಕಗಳ ಗಾತ್ರ. ಮಾತೃಕೆಯ ಸಾಲು ಕಂಬಗಳ ಸಂಖ್ಯೆಯನ್ನು ಹೇಳಲು ಹಳೆಯ ಕಾಲದಿಂದ 32 ಬಿಟ್ಟುಗಳ ಪೂರ್ಣಾಂಕವನ್ನು ಬಳಸುವರು. ಅದರ ಗರಿಷ್ಠಬೆಲೆ 2147483647. ಇಂದಿನ ಲೆಕ್ಕಗಳಲ್ಲಿ ಇದು ಸಾಲದೆ ಬರುವ ಸಂದರ್ಭಗಳುಂಟು. 64 ಬಿಟ್ಟುಗಳಿಗೆ ಏರಿಸಿ ಕಂಪೈಲ್ ಮಾಡುವುದು ಸುಲಭ, ಹೆಸರುಗಳು ಹಾಗೆಯೇ ಉಳಿಯುವುವು, ಅಪಾಯವೂ ಅಲ್ಲಿಯೇ. ಫೋರ್ಟ್ರಾನಿನಲ್ಲಿ ಸಂಖ್ಯೆಯನ್ನಲ್ಲ, ಸಂಖ್ಯೆಯಿರುವ ಸ್ಥಳದ ವಿಳಾಸವನ್ನು ಕೊಡುವುದು ರೂಢಿ. ಕರೆಯುವವನು ನಾಲ್ಕು ಬೈಟುಗಳ ಸಂಖ್ಯೆಯನ್ನಿಟ್ಟಿರುವಲ್ಲಿ ಲೈಬ್ರರಿಯು ಎಂಟು ಬೈಟುಗಳನ್ನು ಓದಿದರೆ ಪಕ್ಕದ ನಾಲ್ಕು ಬೈಟುಗಳೂ ಸೇರಿಹೋಗುವುವು. ಸಾಮಾನ್ಯ ಪ್ರೊಸೆಸರುಗಳಲ್ಲಿ ಆ ಪಕ್ಕದವು ಸೊನ್ನೆಯಾಗಿದ್ದರೆ ಲೆಕ್ಕವು ಅದೃಷ್ಟವಶಾತ್ ಸರಿಯಾಗಿಯೇ ನಡೆಯುವುದು, ಮರುದಿನ ಕೆಡುವುದು. ಇದಕ್ಕೆ ಮದ್ದಾಗಿ ಜೂಲಿಯಾ ಎಂಬ ಭಾಷೆಯವರು ವಿಧಿಗಳ ಹೆಸರಿಗೇ 64 ಎಂಬ ಬಾಲವನ್ನು ಸೇರಿಸಿದರು. ಡೆಬಿಯನ್ನಿನಲ್ಲಿ ಅಂತಹ ಲೈಬ್ರರಿಗಳಿಗೆ ಪ್ರತ್ಯೇಕ ಪ್ಯಾಕೇಜುಗಳುಂಟು. ಆರಕ್ಷರದ ಮಿತಿಯಲ್ಲಿ ಹೇಳಲಾಗದೆ ಉಳಿದುದನ್ನು ಹೀಗೆ ಒಂದೊಂದಾಗಿ ಹೆಸರಿನೊಳಕ್ಕೆ ಎಳೆದು ತರಬೇಕಾಯಿತು.

ಹೆಸರುಗಳಾದರೂ ಶಾಶ್ವತವಾಗಿ ಉಳಿದುವೆಂದು ತಿಳಿಯಬಾರದು. ಲಾಪ್ಯಾಕಿನ ಪಾಲಕರು 2015ರ 3.6.0 ಆವೃತ್ತಿಯಲ್ಲಿ ಕೆಲವು ಹಳೆಯ ವಿಧಿಗಳನ್ನು ತ್ಯಾಜ್ಯವೆಂದು ಗುರುತಿಸಿ ಬೇರ್ಪಡಿಸಿದರು. ಅವನ್ನು ಬಿಟ್ಟು ಕಂಪೈಲ್ ಮಾಡಿದ ವಿತರಣೆಗಳಲ್ಲಿ, ಪೈಥಾನ್ ಭಾಷೆಯ ಸೈಪೈ ಎಂಬ ಸಂಗ್ರಹದ ಹಳೆಯ ಕಟ್ಟುಗಳು ಆ ಹೆಸರುಗಳನ್ನು ಕೇಳಿ, ಕಾಣದೆ, ಆರಂಭದಲ್ಲಿಯೇ ನಿಂತುಹೋದವು. ಇಲ್ಲಿ ಲಿಂಕರು ಕನಿಷ್ಠಪಕ್ಷ ಕೂಗಿಕೊಂಡಿತು. ಮೇಲಿನ ಮೂರರಲ್ಲಿ ಅದೂ ಇಲ್ಲ.

ಈ ಕಷ್ಟಗಳಿಂದ ಬೇಸತ್ತವರು ಬೇರೊಂದು ದಾರಿ ಹಿಡಿದರು. 2016ರಿಂದ ಪೈಥಾನಿನ ನಂಪೈ ಮೊದಲಾದ ಸಂಗ್ರಹಗಳು ಲಿನಕ್ಸಿಗಾಗಿ ಕಟ್ಟಿದ ಸಿದ್ಧ ಪೆಟ್ಟಿಗೆಗಳಾಗಿ ಬರುತ್ತಿರುವುವು. ಓಪನ್‌ಬ್ಲಾಸಿನ ಒಂದು ಪ್ರತಿಯನ್ನು ಪೆಟ್ಟಿಗೆಯೊಳಗೇ ಇಟ್ಟಿರುವರು. ವಿತರಣೆಯ ಕೊಂಡಿ ಎಲ್ಲಿಗೆ ಹೋದರೂ ಇದಕ್ಕೆ ಚಿಂತೆಯಿಲ್ಲ. ಸೌಕರ್ಯವೇನೋ ಸರಿ. ಆದರೆ ನಂಪೈಯೊಂದು ಪ್ರತಿಯನ್ನೂ ಸೈಪೈಯೊಂದು ಪ್ರತಿಯನ್ನೂ ತಂದು, ಒಂದೇ ಪ್ರೋಗ್ರಾಮಿನಲ್ಲಿ ಒಂದೇ ಗ್ರಂಥದ ಎರಡು ಪ್ರತಿಗಳು ತಮ್ಮ ತಮ್ಮ ಕೆಲಸಗಾರರ ಪಡೆಯೊಡನೆ ಏಕಕಾಲದಲ್ಲಿ ಇರುವುದುಂಟು. ಫೆಡೋರಾ ವಿತರಣೆಯವರು 2020ರಲ್ಲಿ ಮೂವತ್ತಮೂರನೆಯ ಆವೃತ್ತಿಯಿಂದ ಮತ್ತೊಂದು ಮಾರ್ಗವನ್ನು ಅಂಗೀಕರಿಸಿದರು: ಜರ್ಮನಿಯ ಮಾಗ್ಡೆಬುರ್ಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಹುಟ್ಟಿದ ಫ್ಲೆಕ್ಸಿಬ್ಲಾಸ್ ಎಂಬ ದ್ವಾರಪಾಲಕನನ್ನು ನಡುವೆ ನಿಲ್ಲಿಸಿ, ಎಲ್ಲ ಕರೆಗಳೂ ಅವನ ಮೂಲಕವೇ ಹೋಗುವಂತೆ ಮಾಡಿದರು. ಪ್ರೋಗ್ರಾಮನ್ನು ಆರಂಭಿಸುವಾಗ ಯಾವ ಪಾಠ ಬೇಕೆಂದು ಅವನಿಗೆ ಹೇಳಬಹುದು. ನಮಗೆ ಈ ಮಾರ್ಗವೇ ರುಚಿಸುವುದು. ಪೆಟ್ಟಿಗೆಯ ಮಾರ್ಗದಲ್ಲಿ ಓದುಗನಿಗೆ ಪಾಠಾಂತರವಿರುವುದೇ ಮರೆತುಹೋಗುವುದು.

ಈಗ ಆರಂಭದ ಚಿತ್ರಕ್ಕೆ ಬರೋಣ. ಎಡಬಲಗಳು ತಿರುಗಿದುದು ದೋಷವಲ್ಲ. ಐಗನ್ ಸದಿಶವೊಂದು ಸಾಧುವಾದರೆ ಅದರ ಎಲ್ಲ ಸಂಖ್ಯೆಗಳ ಚಿಹ್ನೆಯನ್ನು ತಿರುಗಿಸಿದುದೂ ಅಷ್ಟೇ ಸಾಧು. ಎರಡರಲ್ಲಿ ಯಾವುದನ್ನು ಕೊಡತಕ್ಕದ್ದೆಂದು ಲಾಪ್ಯಾಕ್ ವಿಧಿಸಿಲ್ಲ, ಒಳಗಿನ ಕ್ರಿಯಾಕ್ರಮವನ್ನನುಸರಿಸಿ ಯಾವುದೋ ಒಂದು ಬರುವುದು. ಪ್ರತಿಗಳ ನಡುವಣ ದೂರಗಳು ಎರಡು ಚಿತ್ರಗಳಲ್ಲಿಯೂ ಒಂದೇ. ಕೊನೆಯ ಅಂಕಿಗಳ ವ್ಯತ್ಯಾಸಕ್ಕೂ ಕಾರಣ ಸರಳ. ಗಣಕದ ಸಂಕಲನದಲ್ಲಿ ಕ್ರಮ ಬದಲಾದರೆ ಮೊತ್ತ ಬದಲಾಗಬಹುದು. ಇಮ್ಮಡಿ ನಿಖರತೆಯಲ್ಲಿ, ಒಂದರ ಮುಂದೆ ಹದಿನಾರು ಸೊನ್ನೆಗಳುಳ್ಳ ಸಂಖ್ಯೆಗೆ ಒಂದನ್ನು ಕೂಡಿ ಅನಂತರ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಸೊನ್ನೆ ಬರುವುದು. ಮೊದಲು ಕಳೆದು ಅನಂತರ ಒಂದನ್ನು ಕೂಡಿದರೆ ಒಂದು ಬರುವುದು. ಓಪನ್‌ಬ್ಲಾಸ್ ವೇಗಕ್ಕಾಗಿ ತುಂಡು ತುಂಡಾಗಿ ಕೂಡುವುದು, ಮಾದರಿಪಾಠವು ಸಾಲಾಗಿ ಕೂಡುವುದು. ಆದ್ದರಿಂದ ತುದಿಯ ಅಂಕಿಗಳು ಹೊಂದವು. ನಮ್ಮ ಕೋಷ್ಟಕಕ್ಕೆ ಇದರಿಂದ ಹಾನಿಯಿಲ್ಲ. ಆದರೆ ಎರಡು ಪ್ರತಿಗಳು ಸಮಾನದೂರದಲ್ಲಿದ್ದು, ಯಾವುದು ಯಾವ ಗುಂಪಿಗೆ ಸೇರತಕ್ಕದ್ದೆಂಬ ತೀರ್ಪು ಆ ತುದಿಯ ಅಂಕಿಯ ಮೇಲೆ ನಿಂತಿದ್ದರೆ, ಆ ತೀರ್ಪನ್ನು ಕೊಟ್ಟವನು ಸಂಪಾದಕನಲ್ಲ, ಯಂತ್ರದೊಳಗಿನ ಒಂದು ಕೊಂಡಿ. ನಮ್ಮ ಹನ್ನೊಂದರಲ್ಲಿ ಮಲೆನಾಡಿನ ಒಂದು ತ್ರುಟಿತ ಪ್ರತಿಯ ಸ್ಥಿತಿಯು ಹೆಚ್ಚುಕಡಿಮೆ ಹೀಗೆಯೇ ಇದ್ದುದರಿಂದ ಅದನ್ನು ಯಾವ ಗುಂಪಿಗೂ ಸೇರಿಸದೆ ಪ್ರತ್ಯೇಕವಾಗಿ ತೋರಿಸಿರುವೆವು. ಚಿತ್ರದ ಕೆಳಗೆ, ಪ್ರತಿಗಳ ಸಂಕೇತಾಕ್ಷರಗಳನ್ನು ಕೊಟ್ಟಿರುವ ಸಾಲಿನಲ್ಲಿಯೇ, ವಿತರಣೆಯ ಹೆಸರು, ಬ್ಲಾಸಿನ ಪಾಠ, ಅದರ ಆವೃತ್ತಿ ಇವನ್ನೂ ಬರೆದಿರುವೆವು.